ಮುಚ್ಚಳಿಕೆಗೆ ಸಹಿ ಬೀಳುವ ಮುನ್ನ: ಸೈನ್ಯದತ್ತ ಹೊರಟ ಹದಿಹರೆಯಕ್ಕೆ ಸಿಗುವ ಬೆಂಬಲದ ವಿಮರ್ಶೆ

ಸೈನ್ಯಕ್ಕೆ ಸೇರಬೇಕೆಂಬ ಬಯಕೆಯನ್ನು ಹದಿನಾರು ಹದಿನೇಳರ ಮಗನೋ ಮಗಳೋ ಮನೆಯಲ್ಲಿ ಹೇಳಿಕೊಂಡಾಗ ಕರ್ನಾಟಕದ ಕುಟುಂಬಗಳು, ಶಾಲೆಗಳು ಮತ್ತು ತರಬೇತಿ ಅಕಾಡೆಮಿಗಳು ಅದಕ್ಕೆ ನೀಡುವ ಬೆಂಬಲವು ಈಗ ನೆಲೆಗೊಂಡ ರೂಢಿಯಾಗಿದ್ದು, ಯಾವುದೇ ಸಾಮಾಜಿಕ ಪದ್ಧತಿಯಂತೆ ಅದರ ಗುಣದೋಷಗಳನ್ನೂ ಪರೀಕ್ಷಿಸುವ ಅಗತ್ಯವಿದೆ. ಈ ರೂಢಿಯ ದುಡಿಮೆಯೆಲ್ಲ ಪ್ರವೇಶದ ಸುತ್ತಲೇ ನಡೆಯುತ್ತದೆ: ನಸುಕಿನ ಓಟ, ಗಣಿತದ ಟ್ಯೂಷನ್, ಅಕಾಡೆಮಿಯ ಶುಲ್ಕಕ್ಕೆ ಹೊಂದಿಸಿದ ಹಣ, ಹಳೆಯ ಪ್ರಶ್ನೆಪತ್ರಿಕೆಗಳ ಅಭ್ಯಾಸ. ಆದರೆ ಪ್ರವೇಶಕ್ಕೂ ಮೊದಲು ಆಗಬೇಕಾದ ತೀರ್ಮಾನವನ್ನು, ಅಂದರೆ ಈ ವೃತ್ತಿ ಏನನ್ನು ಕೇಳುತ್ತದೆ, ಏನನ್ನು ಕೊಡುತ್ತದೆ, ಅದನ್ನು ತಾನು ಒಪ್ಪಬಲ್ಲೆನೇ ಎಂದು ಆ ಹುಡುಗ ಅಥವಾ ಹುಡುಗಿ ತೂಗಿ ನೋಡುವ ಕೆಲಸವನ್ನು, ಈ ರೂಢಿಯು ಬಹುತೇಕ ಅನಾಥವಾಗಿ ಬಿಟ್ಟಿದೆ.

ಇದಕ್ಕೆ ಕಾರಣಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ.ಎಂ. ಕಾರ್ಯಪ್ಪ ಮತ್ತು 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯ ಅವರ ನಾಡಾದ ಕೊಡಗಿನಲ್ಲಿ, ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿಯ ಸುತ್ತಲಿನ ಹಳ್ಳಿಗಳಲ್ಲಿ, ಮಿಲಿಟರಿಗೆ ಹೋಗುವುದು ಮನೆತನದ ಮರ್ಯಾದೆಯೊಂದಿಗೆ ಬೆಸೆದುಕೊಂಡಿರುವುದರಿಂದ ಮಕ್ಕಳ ಬಯಕೆಗೆ ಪ್ರಶ್ನೆಯೇ ಇಲ್ಲದ ಒಪ್ಪಿಗೆ ಸಿಕ್ಕಿಬಿಡುತ್ತದೆ. ಎಂಜಿನಿಯರಿಂಗ್ ಮತ್ತು ವೈದ್ಯಕೀಯವನ್ನೇ ದಾರಿಯೆಂದು ನಂಬಿದ ನಗರದ ಮಧ್ಯಮವರ್ಗದಲ್ಲಾದರೋ ಅದೇ ಬಯಕೆಯನ್ನು ವಯಸ್ಸಿನ ಹುರುಪೆಂದು ತಳ್ಳಿಹಾಕಲಾಗುತ್ತದೆ, ಇಲ್ಲವೇ ತಾಯಿಯ ಕಣ್ಣೀರಿನ ಮುಂದೆ ಅದು ತಾನಾಗಿ ಮುದುಡುತ್ತದೆ. ಮೇಲ್ನೋಟಕ್ಕೆ ವಿರುದ್ಧವೆನಿಸುವ ಈ ಎರಡು ಪ್ರತಿಕ್ರಿಯೆಗಳಲ್ಲಿ ಸಮಾನವಾದ ಒಂದು ಲೋಪವಿದೆ: ಎರಡರಲ್ಲೂ ಯಾಕೆ ಎಂಬ ಪ್ರಶ್ನೆಯನ್ನು ಮಗುವಿಗೆ ಯಾರೂ ಕೇಳುವುದಿಲ್ಲ, ಕೇಳಿದರೂ ಉತ್ತರಕ್ಕೆ ಕಾಯುವುದಿಲ್ಲ.

ಕಾನೂನು ಮತ್ತು ನಿಯಮಗಳು ಈ ವಿಷಯದಲ್ಲಿ ಮನೆಯವರ ಮೇಲೆ ಹೊರಿಸಿರುವ ಹೊಣೆ ಸಣ್ಣದಲ್ಲ. ಸಶಸ್ತ್ರ ಸಂಘರ್ಷಗಳಲ್ಲಿ ಮಕ್ಕಳ ಬಳಕೆಯನ್ನು ತಡೆಯುವ ವಿಶ್ವಸಂಸ್ಥೆಯ ಐಚ್ಛಿಕ ಒಡಂಬಡಿಕೆಯನ್ನು 2005ರಲ್ಲಿ ಅನುಮೋದಿಸಿದಾಗ ಭಾರತವು ಸೇನಾ ನೇಮಕಾತಿಯ ಕನಿಷ್ಠ ವಯಸ್ಸು 16 ಎಂದೂ, ತರಬೇತಿ ಮುಗಿಸಿದವರನ್ನು ಕಾರ್ಯಾಚರಣೆಯ ಪ್ರದೇಶಕ್ಕೆ ಕಳುಹಿಸುವುದು 18 ತುಂಬಿದ ಮೇಲಷ್ಟೇ ಎಂದೂ ಘೋಷಿಸಿತು. ಅಧಿಕಾರಿ ಹುದ್ದೆಗೆ ತರಬೇತಿ ಆರಂಭವಾಗುವ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಅಂದರೆ ಎನ್‌ಡಿಎಗೆ, ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನವರು ಸೇರಬಹುದು. ಸೈನಿಕ ಹುದ್ದೆಗೆ ಅಗ್ನಿಪಥ ಯೋಜನೆಯಡಿ ಅಗ್ನಿವೀರರಾಗಿ ಸೇರುವ ವಯಸ್ಸು ಹದಿನೇಳೂವರೆಯಿಂದ ತೊಡಗುತ್ತದೆ, 18 ತುಂಬದವರ ಅರ್ಜಿಗೆ ಹೆತ್ತವರ ಸಹಿ ಬೇಕು. ಎನ್‌ಡಿಎಗೆ ಆಯ್ಕೆಯಾದವರ ತಂದೆತಾಯಿಗಳಾದರೆ ಎರಡು ಪತ್ರಗಳಿಗೆ ಒಪ್ಪಿಗೆ ನೀಡಬೇಕು: ತರಬೇತಿಯಲ್ಲಿ ಆಗುವ ಗಾಯಕ್ಕೆ ಸರ್ಕಾರದಿಂದ ಪರಿಹಾರ ಕೇಳುವ ಹಕ್ಕು ತಮಗಾಗಲಿ ಮಗುವಿಗಾಗಲಿ ಇಲ್ಲವೆಂದು ಅರಿತಿರುವುದಾಗಿ ಹೇಳುವ ಪ್ರಮಾಣಪತ್ರ ಒಂದು, ಮಗು ತಾನಾಗಿ ಮಧ್ಯದಲ್ಲಿ ಬಿಟ್ಟುಬಂದರೆ ಅಥವಾ ಕೊನೆಗೆ ಅಧಿಕಾರಿ ಹುದ್ದೆಯನ್ನು ನಿರಾಕರಿಸಿದರೆ ತರಬೇತಿಯ ವೆಚ್ಚವನ್ನು ಭರಿಸಬೇಕಾದೀತೆಂಬ ಮುಚ್ಚಳಿಕೆ ಇನ್ನೊಂದು. ತರಬೇತಿಯಲ್ಲಿ ಅಂಗವೈಕಲ್ಯಕ್ಕೆ ಒಳಗಾಗಿ ಹೊರಬಿದ್ದ ಕೆಡೆಟ್‌ಗಳಿಗೆ ಮಾಜಿ ಸೈನಿಕರ ದರ್ಜೆಯೂ ಇಲ್ಲದ ಸ್ಥಿತಿಯನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್‌ನಲ್ಲಿ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತೆಂಬುದು ಈ ಪತ್ರಗಳ ಭಾರವನ್ನು ತಿಳಿಸುತ್ತದೆ. ಆಯ್ಕೆಯ ಸಂಭ್ರಮದ ನಡುವೆ ಇವನ್ನು ಓದದೆ ಸಹಿ ಮಾಡುವುದು ಬೆಂಬಲವೆನಿಸಲಾರದು. ಇವನ್ನು ಎರಡು ವರ್ಷ ಮೊದಲೇ ಮಗುವಿನ ಜೊತೆ ಕುಳಿತು ಓದಬೇಕು, ಏಕೆಂದರೆ ಪಣಕ್ಕಿಟ್ಟಿರುವ ದೇಹ ಮಗುವಿನದು.

ಬೆಂಬಲದ ಇನ್ನೊಂದು ಮೂಲವಾದ ಮಾಜಿ ಸೈನಿಕರ ಮಾತನ್ನು ಈ ರೂಢಿ ಅತಿ ಹೆಚ್ಚು ನಂಬುತ್ತದೆ. ಸೋದರಮಾವನೋ ಊರಿನ ನಿವೃತ್ತ ಸುಬೇದಾರರೋ ಹೇಳುವ ಮಾತಿಗೆ ಅನುಭವದ ತೂಕವಿದೆ, ಬ್ಯಾರಕ್ಕಿನ ಬದುಕು, ಹಿಮದ ಚಳಿ, ರಜೆಗಾಗಿ ಕಾಯುವ ತಿಂಗಳುಗಳ ಬಗ್ಗೆ ಅವರಷ್ಟು ನಿಖರವಾಗಿ ಹೇಳಬಲ್ಲವರು ಬೇರೆ ಇಲ್ಲ. ಆದರೆ ಅವರು ಸೇರಿದ ಸೇನೆಯಲ್ಲಿ ಸಿಪಾಯಿ ಕನಿಷ್ಠ 15 ವರ್ಷದ ಸೇವೆ ಮುಗಿಸಿದರೆ ಜೀವಮಾನದ ಪಿಂಚಣಿಗೆ ಅರ್ಹನಾಗುತ್ತಿದ್ದನು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆಯ ಅವಧಿ ನಾಲ್ಕು ವರ್ಷ. ಮೊದಲ ವರ್ಷದ ಮಾಸಿಕ 30,000 ರೂಪಾಯಿಯಲ್ಲಿ ಶೇಕಡಾ 30 ಭಾಗ ನಿಧಿಗೆ ಕಡಿತವಾಗಿ ಕೈಗೆ ಬರುವುದು 21,000 ರೂಪಾಯಿ. ಅಷ್ಟೇ ಮೊತ್ತವನ್ನು ಸರ್ಕಾರವೂ ಸೇರಿಸಿ ಅವಧಿಯ ಕೊನೆಗೆ ಬಡ್ಡಿಸಹಿತ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿಯನ್ನು ಕೊಡುತ್ತದೆ. ಪಿಂಚಣಿಯಾಗಲಿ ಗ್ರಾಚ್ಯುಟಿಯಾಗಲಿ ಇಲ್ಲ. ಗರಿಷ್ಠ ಶೇಕಡಾ 25ರಷ್ಟು ಮಂದಿಗೆ ಮಾತ್ರ ಕಾಯಂ ಸೇವೆಗೆ ಅವಕಾಶ. ಹೀಗಾಗಿ ಹಿರಿಯರ ಸಲಹೆಯಲ್ಲಿ ಬದುಕಿನ ಚಿತ್ರ ನಿಜವಾಗಿರುತ್ತದೆ, ಲೆಕ್ಕ ಮಾತ್ರ ಹಳೆಯದಾಗಿರುತ್ತದೆ. ಇಪ್ಪತ್ತೆರಡರ ಹೊತ್ತಿಗೆ ಊರಿಗೆ ಮರಳಿದರೆ ಮುಂದೇನು ಎಂಬುದನ್ನು ಹದಿನೇಳರಲ್ಲೇ ಮಾತಾಡುವುದು ಅಪಶಕುನವೆಂದು ಭಾವಿಸುವ ಮನೆಗಳಿವೆ. ವಾಸ್ತವದಲ್ಲಿ ಆ ಮಾತೇ ಮಗುವಿಗೆ ಕೊಡಬಹುದಾದ ಅತ್ಯಂತ ಗಟ್ಟಿಯಾದ ನೆರವು. ಓಟದ ವಿಚಾರದಲ್ಲೂ ಹಳೆಯ ನೆನಪು ದಾರಿ ತಪ್ಪಿಸುತ್ತದೆ: 2023ರಿಂದ ಭೂಸೇನೆಯ ಭರ್ತಿಯಲ್ಲಿ ಕಂಪ್ಯೂಟರ್ ಮೂಲಕ ನಡೆಯುವ ಲಿಖಿತ ಪರೀಕ್ಷೆಯೇ ಮೊದಲು ಬರುವುದರಿಂದ, ವರ್ಷಗಟ್ಟಲೆ ಮೈದಾನದಲ್ಲಿ ಬೆವರು ಹರಿಸಿದ ಹುಡುಗನೊಬ್ಬ ಓಡುವ ಅವಕಾಶವನ್ನೇ ಪಡೆಯದೆ ಹೊರಗುಳಿಯಬಹುದು.

ಸಂಸ್ಥೆಗಳ ಮಟ್ಟದಲ್ಲಿ ಸೈನಿಕ ಶಾಲೆಗಳನ್ನು ಪರಿಶೀಲಿಸಿದರೆ ಮೆಚ್ಚುಗೆಯೂ ಆಕ್ಷೇಪವೂ ಒಟ್ಟಿಗೆ ಮೂಡುತ್ತವೆ. 1963ರಲ್ಲಿ ಆರಂಭವಾದ ವಿಜಯಪುರದ ಶಾಲೆ ಮತ್ತು 2007ರಲ್ಲಿ ಕೂಡಿಗೆಯಲ್ಲಿ ಆರಂಭವಾದ ಕೊಡಗಿನ ಶಾಲೆ, ರೈತರ ಮತ್ತು ಸಣ್ಣ ನೌಕರರ ಮಕ್ಕಳಿಗೆ ಆಟದ ಮೈದಾನ, ಇಂಗ್ಲಿಷಿನ ಸಲುಗೆ, ಸಮಯಪಾಲನೆ ಮತ್ತು ಆತ್ಮವಿಶ್ವಾಸವನ್ನು ಒಟ್ಟಾಗಿ ಒದಗಿಸುವ ಅಪರೂಪದ ಕೆಲಸ ಮಾಡಿವೆ. ಆದರೆ ಆರನೆಯ ತರಗತಿಗೆ ಸೇರುವ ಮಗುವಿನ ವಯಸ್ಸು ಹತ್ತರಿಂದ ಹನ್ನೆರಡು. ಆ ತೀರ್ಮಾನ ಹೆತ್ತವರದೇ ಹೊರತು ಮಗುವಿನದಾಗಿರಲು ಸಾಧ್ಯವಿಲ್ಲ. ಹದಿನಾರಕ್ಕೆ ಬಂದಾಗ ಆ ಮಗುವಿಗೆ ಇತಿಹಾಸವನ್ನೋ ಕೃಷಿ ವಿಜ್ಞಾನವನ್ನೋ ಓದುವ ಮನಸ್ಸಾದರೆ, ಅದನ್ನು ಅಪರಾಧಿಯ ಭಾವವಿಲ್ಲದೆ ಹೇಳಿಕೊಳ್ಳುವ ಅವಕಾಶವನ್ನು ಶಾಲೆಯೂ ಮನೆಯೂ ಉಳಿಸಿರಬೇಕು. ಹೆಣ್ಣುಮಕ್ಕಳಿಗೆ ಸಂದ ನ್ಯಾಯ ಇನ್ನೂ ತಡವಾದದ್ದು. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ವಸತಿ ಸೈನಿಕ ಶಾಲೆ ದಶಕಗಳಿಂದ ಬಾಲಕಿಯರನ್ನು ಕವಾಯತಿನಲ್ಲಿ ಪಳಗಿಸುತ್ತಿದ್ದರೂ, ಎನ್‌ಡಿಎ ಬಾಗಿಲು ಅವರಿಗೆ ತೆರೆದದ್ದು 2021ರ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದ ನಂತರವೇ; 17 ಮಹಿಳಾ ಕೆಡೆಟ್‌ಗಳ ಮೊದಲ ತಂಡ ಅಲ್ಲಿಂದ ಹೊರಬಂದದ್ದು 2025ರ ಮೇ ತಿಂಗಳಲ್ಲಿ. ತರಬೇತಿ ಕೊಟ್ಟು ದಾರಿಯನ್ನು ಕೊಡದ ಆ ಹಳೆಯ ವ್ಯವಸ್ಥೆಯನ್ನು ಪ್ರೋತ್ಸಾಹವೆಂದು ಕರೆಯುವುದು ಕಷ್ಟ.

ತರಬೇತಿ ಅಕಾಡೆಮಿಗಳ ದೋಷ ಅತ್ಯಂತ ಸ್ಪಷ್ಟವಾಗಿ ಕಾಣುವುದು ಅಧಿಕಾರಿಗಳ ಆಯ್ಕೆಯ ಹಂತದಲ್ಲಿ. ಎನ್‌ಡಿಎ ಪ್ರವೇಶದ 1,800 ಅಂಕಗಳಲ್ಲಿ 900 ಲಿಖಿತ ಪರೀಕ್ಷೆಗೆ, ಉಳಿದ 900 ಎಸ್‌ಎಸ್‌ಬಿ ಎಂದು ಕರೆಯುವ ಆಯ್ಕೆ ಮಂಡಳಿಯ ಐದು ದಿನಗಳ ಪರೀಕ್ಷೆಗೆ ಮೀಸಲು. ಬೆಂಗಳೂರಿನಲ್ಲಿ ಭೂಸೇನೆಯ, ಮೈಸೂರಿನಲ್ಲಿ ವಾಯುಸೇನೆಯ ಆಯ್ಕೆ ಕೇಂದ್ರಗಳಿವೆ. ಅಲ್ಲಿ ಮನೋವಿಜ್ಞಾನಿ, ಸಂದರ್ಶನಾಧಿಕಾರಿ ಮತ್ತು ಗುಂಪು ಚಟುವಟಿಕೆಗಳ ಅಧಿಕಾರಿ ಒಬ್ಬನೇ ಅಭ್ಯರ್ಥಿಯನ್ನು ಬೇರೆಬೇರೆಯಾಗಿ ಅಳೆಯುತ್ತಾರೆ. ಮನಸಾ, ವಾಚಾ, ಕರ್ಮಣಾ ಎಂಬ ಭಾರತೀಯ ಸೂತ್ರವೇ ಈ ಮೂರರ ಹಿಂದಿನ ತತ್ತ್ವ, ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಒಂದೊಂದಕ್ಕೆ ಹದಿನೈದೇ ಸೆಕೆಂಡಿನಂತೆ ಅರವತ್ತು ಪದಗಳಿಗೆ ವಾಕ್ಯ ಬರೆಯುವುದು, ಚಿತ್ರವನ್ನು ಅರೆನಿಮಿಷ ನೋಡಿ ಕಥೆ ಕಟ್ಟುವುದು ಮುಂತಾದ ಪರೀಕ್ಷೆಗಳು ಕಂಠಪಾಠದ ಉತ್ತರಕ್ಕೆ ಸಮಯ ಸಿಗದಂತೆ ರೂಪಿತವಾಗಿವೆ. ಹಾಗಿದ್ದೂ ಅಕಾಡೆಮಿಗಳು ಧೈರ್ಯಶಾಲಿಯ, ನಾಯಕನ, ಸದಾ ಆಶಾವಾದಿಯ ಸಿದ್ಧಮಾದರಿಯೊಂದನ್ನು ಕಲಿಸಿ, ಹದಿನೇಳರ ಹುಡುಗನ ಮೇಲೆ ಎರವಲು ಅಂಗಿಯಂತೆ ಅದನ್ನು ತೊಡಿಸಿ ಕಳುಹಿಸುತ್ತವೆ. ಈ ಪರೀಕ್ಷೆಗಳಲ್ಲಿ ಸ್ವವಿವರಣೆ ಎಂಬುದೊಂದಿದೆ. ತಂದೆತಾಯಿಗಳು, ಶಿಕ್ಷಕರು, ಗೆಳೆಯರು ತನ್ನ ಬಗ್ಗೆ ಏನು ತಿಳಿದಿದ್ದಾರೆ, ತನ್ನ ಬಗ್ಗೆ ತನ್ನ ಅಭಿಪ್ರಾಯವೇನು ಎಂಬುದನ್ನು ಅಭ್ಯರ್ಥಿ ಅಲ್ಲಿ ಬರೆಯಬೇಕು. ಮನೆಯಲ್ಲಿ ಮುಕ್ತವಾದ ಮಾತು ನಡೆಯದಿದ್ದರೆ, ಮಗುವಿನ ಸಿಟ್ಟು, ಸೋಮಾರಿತನ, ಕರುಣೆ, ಹಟಗಳನ್ನು ಅಪ್ಪ ಅಮ್ಮ ಪ್ರೀತಿಯಿಂದಲೇ ಎತ್ತಿ ಆಡದಿದ್ದರೆ, ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಎಲ್ಲಿಂದ ಬರಬೇಕು? ಯಾವ ಅಕಾಡೆಮಿಯೂ ಮಾರಲಾರದ ಈ ಸಿದ್ಧತೆ ಊಟದ ಹೊತ್ತಿನ ಮಾತುಕತೆಯಲ್ಲಿ ಮಾತ್ರ ಸಾಧ್ಯ, ಮತ್ತು ಸೈನ್ಯಕ್ಕೆ ಸೇರದಿದ್ದರೂ ಅದು ವ್ಯರ್ಥವಾಗುವುದಿಲ್ಲ.

ಅಂಥ ಮಾತುಕತೆಯಲ್ಲಿ ಅತಿ ಕಠಿಣವಾದ ಭಾಗವನ್ನು ತಪ್ಪಿಸಿಕೊಳ್ಳುವುದು ಈಗಿನ ರೂಢಿಯ ದೊಡ್ಡ ದೌರ್ಬಲ್ಯ. ಸೈನ್ಯವು ಉದ್ಯೋಗವಾಗಿರುವಂತೆಯೇ ಆಜ್ಞೆಯ ಮೇರೆಗೆ ಬಲಪ್ರಯೋಗ ಮಾಡುವ, ಅಗತ್ಯವಾದರೆ ಕೊಲ್ಲುವ ಮತ್ತು ಸಾಯುವ ಬದ್ಧತೆಯೂ ಆಗಿದೆ. ಸಂವಿಧಾನದ 33ನೆಯ ವಿಧಿಯು ಸಶಸ್ತ್ರ ಪಡೆಗಳ ಸದಸ್ಯರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದ್ದು, 1950ರ ಸೇನಾ ಕಾಯ್ದೆಯ ಅಡಿಯಲ್ಲಿ ಸಂಘ ಕಟ್ಟುವ, ರಾಜಕೀಯ ಸಭೆಗಳಲ್ಲಿ ಪಾಲ್ಗೊಳ್ಳುವ, ಪತ್ರಿಕೆಗಳಿಗೆ ಬರೆಯುವ ಸ್ವಾತಂತ್ರ್ಯಗಳಿಗೆ ಕಟ್ಟುಪಾಡುಗಳಿವೆ. ಹುತಾತ್ಮರ ಚಿತ್ರಕ್ಕೆ ಹೂಹಾರ ಹಾಕುವ ಶಾಲೆಯು ಈ ವಿಷಯಗಳನ್ನು ಹತ್ತನೆಯ ತರಗತಿಯ ಮಕ್ಕಳೊಂದಿಗೆ ಚರ್ಚಿಸಲು ಹಿಂಜರಿಯುವುದು ಆ ಮಕ್ಕಳ ಬುದ್ಧಿಗೂ ಹೂಹಾರ ಪಡೆದವರಿಗೂ ತೋರುವ ಅಗೌರವ. ಭಯವನ್ನು ಹೇಳಿಕೊಳ್ಳುವ ತಾಯಿಯನ್ನು ಅಡ್ಡಿಯೆಂದು ಬಗೆಯುವ ಮನೆಗಳೂ ತಪ್ಪುತ್ತವೆ, ಏಕೆಂದರೆ ಆ ಭಯದಲ್ಲಿ ವೃತ್ತಿಯ ಬಗೆಗಿನ ಒಂದು ನಿಜವಿದೆ, ಅದನ್ನು ಕೇಳಿಸಿಕೊಂಡೂ ಹೋಗಲು ಬಯಸುವ ಮಗುವಿನ ಸಂಕಲ್ಪ ಆಗ ತಿಳಿವಿನಿಂದ ಕೂಡಿದ್ದಾಗುತ್ತದೆ.

ವ್ಯಾವಹಾರಿಕ ಸಂಗತಿಗಳಲ್ಲಿ ಬಾಗಿಲುಗಳನ್ನು ತೆರೆದಿಡುವುದೇ ಮುಖ್ಯ. ಎಸ್ಸೆಸ್ಸೆಲ್ಸಿಯ ನಂತರ ಪಿಯುಸಿಯಲ್ಲಿ ಕಲೆಯನ್ನು ಆರಿಸಿಕೊಂಡವರಿಗೂ ಎನ್‌ಡಿಎಯ ಭೂಸೇನಾ ವಿಭಾಗ ತೆರೆದೇ ಇದೆ, ಆದರೆ ವಾಯುಸೇನೆ ಮತ್ತು ನೌಕಾಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳು ಬೇಕು. ಬಣ್ಣಗುರುಡು, ಚಪ್ಪಟೆ ಪಾದ, ಒಳಬಾಗಿದ ಮೊಣಕಾಲುಗಳಂಥ ಕಾರಣಗಳಿಂದ ವೈದ್ಯಕೀಯ ಪರೀಕ್ಷೆಯಲ್ಲಿ ಕಡೆಯ ಗಳಿಗೆಗೆ ಕೈಬಿಡಲಾದ ಅಭ್ಯರ್ಥಿಯ ನೋವನ್ನು, ಎರಡು ವರ್ಷ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಮಾಡಿಸಿದ ಸಾಮಾನ್ಯ ತಪಾಸಣೆಯಿಂದ ಎಷ್ಟೋ ತಗ್ಗಿಸಬಹುದು. ವಿಮಾನ ಚಾಲನೆಯ ಸಹಜ ಸಾಮರ್ಥ್ಯವನ್ನು ಅಳೆಯುವ ಕಂಪ್ಯೂಟರ್ ಪರೀಕ್ಷೆಗೆ ಜೀವಮಾನದಲ್ಲಿ ಒಂದೇ ಅವಕಾಶವಿರುವುದರಿಂದ ಅದರಲ್ಲಿ ಸೋಲುವ ಸಾಧ್ಯತೆಯನ್ನೂ ಮೊದಲೇ ಮಾತಾಡಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪದವಿಯ ನಂತರ ಸಂಯುಕ್ತ ರಕ್ಷಣಾ ಸೇವೆಗಳ, ಅಂದರೆ ಸಿಡಿಎಸ್, ಪರೀಕ್ಷೆಯ ಮೂಲಕ ಇಪ್ಪತ್ನಾಲ್ಕರ ಆಸುಪಾಸಿನವರೆಗೆ ಅಧಿಕಾರಿಯಾಗುವ ದಾರಿ ಇದೆಯೆಂಬುದನ್ನು ಮಗು ತಿಳಿದಿದ್ದರೆ, ಹದಿನೇಳರಲ್ಲೇ ಎಲ್ಲವೂ ನಿರ್ಧಾರವಾಗಬೇಕೆಂಬ ಒತ್ತಡ ಸಡಿಲಗೊಳ್ಳುತ್ತದೆ.

ಇರುವ ವ್ಯವಸ್ಥೆಗಳಲ್ಲಿ ಈ ಅಗತ್ಯಕ್ಕೆ ಅತ್ಯಂತ ಹತ್ತಿರವಾದದ್ದು 1948ರ ಕಾಯ್ದೆಯಿಂದ ರೂಪುಗೊಂಡ ರಾಷ್ಟ್ರೀಯ ಕೆಡೆಟ್ ದಳ, ಅಂದರೆ ಎನ್‌ಸಿಸಿ. ಶಾಲಾ ಕಾಲೇಜಿನಲ್ಲಿದ್ದುಕೊಂಡೇ ಸಮವಸ್ತ್ರ, ಶಿಬಿರ, ಬಂದೂಕು, ಆಜ್ಞೆ, ಸಮಾನರ ಸಹವಾಸ ಇವೆಲ್ಲವನ್ನು ಅನುಭವಿಸಿ ನೋಡುವ ಅವಕಾಶವನ್ನು ಅದು ಕೊಡುತ್ತದೆ. ಅದರಲ್ಲಿದ್ದವರು ಸೈನ್ಯ ಸೇರಲೇಬೇಕೆಂಬ ಕಟ್ಟಳೆಯಿಲ್ಲ. ಸೇರಬಯಸಿದವರಿಗೆ ಪದವಿಯ ನಂತರ ಸಿ ಪ್ರಮಾಣಪತ್ರದ ಆಧಾರದ ಮೇಲೆ ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಎಸ್‌ಎಸ್‌ಬಿಗೆ ಹೋಗುವ ವಿಶೇಷ ಪ್ರವೇಶವಿದೆ. ಆದರೆ ಎಷ್ಟೋ ಕಾಲೇಜುಗಳಲ್ಲಿ ಅದು ಆಗಸ್ಟ್ 15 ಮತ್ತು ಜನವರಿ 26ರ ಪಥಸಂಚಲನಕ್ಕೆ ಸೀಮಿತವಾಗಿ, ಉಳಿದ ದಿನಗಳಲ್ಲಿ ಪ್ರಮಾಣಪತ್ರದ ಹಾಜರಾತಿಯಾಗಿ ಉಳಿದಿದೆ. ಸೇವೆಯಲ್ಲಿರುವ ಸೈನಿಕರೇ ಬೋಧಕರಾಗಿ ಬರುವ ಈ ಘಟಕಗಳಲ್ಲಿ ವೇತನ, ಷರತ್ತು, ಗಾಯ, ನಿವೃತ್ತಿ, ನಿರಾಕರಣೆಗಳ ಕುರಿತ ಪ್ರಶ್ನೋತ್ತರಕ್ಕೆ ವಾರಕ್ಕೊಂದು ಗಂಟೆ ಮೀಸಲಿಟ್ಟು, ಆ ಗಂಟೆಗೆ ಹೆತ್ತವರನ್ನೂ ಕರೆಯಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಕಾಲೇಜಿನ ಪ್ರಾಂಶುಪಾಲರು ಮತ್ತು ಘಟಕದ ಅಧಿಕಾರಿ ಮನಸ್ಸು ಮಾಡಿದರೆ ಈ ಶೈಕ್ಷಣಿಕ ವರ್ಷದಲ್ಲೇ ಅದನ್ನು ಆರಂಭಿಸಬಹುದು.