ಸರದಿಯಲ್ಲಿ ನಿಲ್ಲದ ಸಾಕ್ಷಿ

ಡೇಟಾಬೇಸ್ ನೋಡಿಕೊಳ್ಳುವವರ ಮಾತಿನಲ್ಲಿ ಐಬಿಎಂ ಡಿಬಿ2ನ ತಪಾಸಣೆಯ ‘ಡಿಬಿ2ಪಿಡಿ’ ಕಮ್ಯಾಂಡಿಗೆ ಸಿಗುವ ಮರ್ಯಾದೆ ಅಷ್ಟಕ್ಕಷ್ಟೆ. ಹಳೇ ಕಾಲದ್ದು, ಕಣ್ಣಿಗೆ ಒಗ್ಗದ್ದು, ಸಪೋರ್ಟಿನವರು ಕೇಳಿದಾಗ ಓಡಿಸಿ ಫೈಲು ಕಳಿಸುವುದಕ್ಕಷ್ಟೇ ಇರುವಂಥದ್ದು ಎಂಬುದು ರೂಢಿಯ ಅಭಿಪ್ರಾಯ. ಮೆಚ್ಚುಗೆಯೆಲ್ಲ 9.7ನೇ ಆವೃತ್ತಿಯಲ್ಲಿ ಬಂದ, ಎಸ್‌ಕ್ಯೂಎಲ್‌ನಿಂದ ಕರೆಯುವ ‘ಮಾನ್ ಗೆಟ್’ ಫಂಕ್ಷನ್‌ಗಳಿಗೆ, ಅವುಗಳನ್ನು ನಂಬಿಕೊಂಡ ಡಿಎಸ್‌ಎಂಟಾಪ್ ಎಂಬ ನಿಗಾ ಸಾಧನದ ಅಚ್ಚುಕಟ್ಟಾದ ಪರದೆಗೆ ಹೋಗುತ್ತದೆ. ಈ ಲೆಕ್ಕ ತಪ್ಪು. ಎಲ್ಲ ಸರಿಯಿದ್ದಾಗ ಚೆಂದ ಕಾಣುವ ಸಾಧನ ಬೇರೆ, ಎಲ್ಲ ನಿಂತುಹೋದಾಗ ಬಾಯಿಬಿಡುವ ಸಾಧನ ಬೇರೆ.

ಇದರ ವಂಶಾವಳಿ ಬಲ್ಲವರಿಗೆ ಗೊತ್ತು. 2001ರಲ್ಲಿ ಐಬಿಎಂ ಇನ್‌ಫಾರ್ಮಿಕ್ಸ್‌ನ ಡೇಟಾಬೇಸ್ ವ್ಯವಹಾರವನ್ನು ಕೊಂಡುಕೊಂಡಿತು. ಅಲ್ಲಿನ ‘ಆನ್‌ಸ್ಟ್ಯಾಟ್’ ಕಮ್ಯಾಂಡಿನ ಮಾದರಿಯಲ್ಲಿ ರೂಪುಗೊಂಡ ಡಿಬಿ2ಪಿಡಿ, 2004ರ 8.2 ಆವೃತ್ತಿಯಲ್ಲಿ ಬಂತು. ಸಾಲದಲ್ಲಿ ತಂದದ್ದು ಪರದೆಯ ವಿನ್ಯಾಸವನ್ನಲ್ಲ, ಒಂದು ಧೋರಣೆಯನ್ನು: ಎಂಜಿನ್ನನ್ನು ಏನೂ ಕೇಳಬೇಡ, ಅದರ ಮೆಮೊರಿಯನ್ನು ನೇರವಾಗಿ ಓದು.

ಎಸ್‌ಕ್ಯೂಎಲ್ ಮೂಲಕ ವಿಚಾರಿಸಬೇಕಾದರೆ ಮೊದಲು ಕನೆಕ್ಷನ್ ಸಿಗಬೇಕು, ಏಜೆಂಟ್ ಸಿಗಬೇಕು, ಪ್ರಶ್ನೆ ಕಂಪೈಲ್ ಆಗಬೇಕು. ಇವುಗಳಲ್ಲಿ ಯಾವುದಾದರೂ ಒಂದು ಲ್ಯಾಚ್ (ಮೆಮೊರಿಗೆ ಎಂಜಿನ್ ಹಾಕುವ ಒಳಬೀಗ) ಹಿಂದೆ ಸಿಕ್ಕಿಬಿದ್ದರೆ, ತನಿಖೆಗೆ ಬಂದವನೂ ಅದೇ ಸರದಿಯಲ್ಲಿ ನಿಂತಂತೆ. ಪೋಸ್ಟ್‌ಗ್ರೆಸ್ ಕನೆಕ್ಷನ್ ಸಿಗದ ಭಯಕ್ಕೇ ಸೂಪರ್‌ಯೂಸರ್‌ಗೆಂದು, ಬದಲಾಯಿಸದಿದ್ದರೆ, 3 ಕನೆಕ್ಷನ್‌ಗಳನ್ನು ಕಾದಿಡುತ್ತದೆ. ಒರಾಕಲ್‌ನ ಎಸ್‌ಕ್ಯೂಎಲ್‌ಪ್ಲಸ್‌ಗೆ ‘ಪ್ರಿಲಿಮ್’ ಎಂಬ ಹಿತ್ತಲ ಬಾಗಿಲಿದೆ. ಡಿಬಿ2ಪಿಡಿಗೆ ಬಾಗಿಲೇ ಬೇಡ. ಅದೇ ಯಂತ್ರದ ಮೇಲೆ ನಿಂತು ಡಿಬಿ2ನ ಮೆಮೊರಿಗೆ ಅಂಟಿಕೊಳ್ಳುತ್ತದೆ, ಲ್ಯಾಚ್ ಹಿಡಿಯದೆ ಓದಿ ಹೊರಬರುತ್ತದೆ.

ಇದರ ಬೆಲೆ ತಿಳಿಯಲು ಒಂದು ಲಾಕ್ ಸಾಕು. ಐಬಿಎಂ ಕೊಡುವ ಸ್ಯಾಂಪಲ್ ಡೇಟಾಬೇಸಿನಲ್ಲಿ ಎಂಪ್ಲಾಯಿ ಟೇಬಲ್ಲಿನ ಒಂದು ಸಾಲನ್ನು, ಆಟೋಕಮಿಟ್ ಆಫ್ ಮಾಡಿ, ಅಪ್‌ಡೇಟ್ ಮಾಡಿ ಕಮಿಟ್ ಮಾಡದೆ ಬಿಟ್ಟರೆ ಆಯಿತು. ಇನ್ನೊಂದು ಕಿಟಕಿಯಿಂದ ಅದೇ ಸಾಲನ್ನು ಅಪ್‌ಡೇಟ್ ಮಾಡಲು ಹೋದವನು ನಿಂತುಬಿಡುತ್ತಾನೆ. ಲಾಕ್‌ಟೈಮ್‌ಔಟ್‌ನ ಮೂಲ ಬೆಲೆ -1, ಅಂದರೆ ಎಷ್ಟು ಹೊತ್ತಾದರೂ ಕಾಯುವುದು. ಆಗ ಡಿಬಿ2ಪಿಡಿಯನ್ನು ‘ಲಾಕ್ಸ್’ ಆಯ್ಕೆಯೊಂದಿಗೆ ಓಡಿಸಿದರೆ ಒಂದೇ ಲಾಕ್ ಹೆಸರು ಎರಡು ಸಾಲಿನಲ್ಲಿ ಕಾಣುತ್ತದೆ. ಒಂದರ ಸ್ಥಿತಿ ‘ಜಿ’, ಲಾಕ್ ದಕ್ಕಿದವನದು. ಇನ್ನೊಂದು ‘ಡಬ್ಲ್ಯೂ’, ಕಾಯುತ್ತಿರುವವನದು. ವಿಮರ್ಶಕರು ಗೊಣಗುವುದು ಆ 26 ಅಂಕಿಯ ಲಾಕ್ ಹೆಸರಿನ ಬಗ್ಗೆ. ಆದರೆ ಅದು ಓದಲು ಬರುವಂಥದ್ದೇ. ಇಂಟೆಲ್ ಯಂತ್ರದಲ್ಲಿ 02000600 ಎಂದು ಶುರುವಾದರೆ ಟೇಬಲ್‌ಸ್ಪೇಸ್ 2, ಟೇಬಲ್ 6. ಕೊನೆಯಲ್ಲಿ 52 ಇದ್ದರೆ ಸಾಲಿನ ಲಾಕ್, 54 ಇದ್ದರೆ ಇಡೀ ಟೇಬಲ್ಲಿನದು. ಇಷ್ಟೂ ಬೇಡವೆಂದರೆ ‘ಶೋಲಾಕ್ಸ್’ ಸೇರಿಸಿದರೆ ಅದೇ ಬಿಡಿಸಿ ಹೇಳುತ್ತದೆ.

ಅಲ್ಲಿಂದ ಮುಂದೆ ಎಳೆ ಹಿಡಿದು ಹೋಗಬೇಕು. ಲಾಕ್ ಸಾಲಿನ ಟ್ರಾನ್ಸಾಕ್ಷನ್ ಹ್ಯಾಂಡಲ್‌ನಿಂದ ಅಪ್ಲಿಕೇಶನ್ ಹ್ಯಾಂಡಲ್, ಅಲ್ಲಿಂದ ಆಂಕರ್ ಮತ್ತು ಸ್ಟೇಟ್‌ಮೆಂಟ್ ಸಂಖ್ಯೆಗಳು, ಅವುಗಳಿಂದ ‘ಡೈನಾಮಿಕ್’ ಪಟ್ಟಿಯಲ್ಲಿರುವ ಎಸ್‌ಕ್ಯೂಎಲ್ ಪಠ್ಯ. ಎಡವುವುದು ಈ ಕೊನೆಯ ಹೆಜ್ಜೆಯಲ್ಲೇ. ಲಾಕ್ ಹಿಡಿದವನ ಸ್ಥಿತಿ ‘ಯುಒಡಬ್ಲ್ಯೂ ವೇಟಿಂಗ್’, ಅಂದರೆ ಅವನು ಏನೂ ಮಾಡುತ್ತಿಲ್ಲ. ಸದ್ಯದ ಸ್ಟೇಟ್‌ಮೆಂಟಿನ ಕಾಲಂನಲ್ಲಿ 0 ಇರುತ್ತದೆ. ಕಾಣುವುದು ಅವನು ಕೊನೆಯದಾಗಿ ಓಡಿಸಿದ್ದು ಮಾತ್ರ. ಅಪ್‌ಡೇಟ್ ಆದ ಮೇಲೆ ಅವನೊಂದು ನಿರುಪದ್ರವಿ ಸೆಲೆಕ್ಟ್ ಓಡಿಸಿದ್ದರೆ ಆ ಸೆಲೆಕ್ಟೇ ತೋರುತ್ತದೆ, ತಪ್ಪೆಲ್ಲ ಅದರ ತಲೆಗೆ ಕಟ್ಟಲಾಗುತ್ತದೆ. ಅದನ್ನು ಸರಿಪಡಿಸಲು ಇಂಡೆಕ್ಸ್ ಹಾಕಲು ಹೊರಡುವವರೂ ಉಂಟು. ಇಲ್ಲಿ ಡಿಬಿ2ಪಿಡಿ ಸುಳ್ಳು ಹೇಳಿಲ್ಲ, ‘ಕೊನೆಯದು’ ಎಂದೇ ಬರೆದಿದೆ. ಆದರೂ ಕಾಲಂ ತಲೆಬರಹದಲ್ಲಿ ಆ ಮಾತನ್ನು ‘ಎಲ್’ ಎಂಬ ಒಂದಕ್ಷರಕ್ಕೆ ಇಳಿಸಿದ್ದು ಅಕ್ಷಮ್ಯ ಜಿಪುಣತನ.

ಇನ್ನು ಎಲ್ಲರೂ ಎತ್ತುವ ಆಕ್ಷೇಪ: ಲ್ಯಾಚ್ ಹಿಡಿಯದೆ ಓದಿದ್ದು ನಂಬಲರ್ಹವಲ್ಲ. ಓದುತ್ತಿರುವಾಗಲೇ ಮೆಮೊರಿ ಬದಲಾಗಬಹುದು, ಲಾಕ್ ಪಟ್ಟಿಯಲ್ಲಿದ್ದ ಟ್ರಾನ್ಸಾಕ್ಷನ್ ಮುಂದಿನ ಪಟ್ಟಿಯಲ್ಲಿ ಇಲ್ಲದಿರಬಹುದು. ಐಬಿಎಂ ದಾಖಲೆಯೇ ಇದನ್ನು ಒಪ್ಪಿಕೊಂಡಿದೆ. ಪಾಯಿಂಟರ್ ಬದಲಾಗಿ ದಾರಿ ತಪ್ಪಿದರೆ ಕಮ್ಯಾಂಡು ಕುಸಿಯದೆ, ಡೇಟಾ ರಚನೆ ಬದಲಾಗಿದ್ದರಿಂದ ನಿಲ್ಲಿಸಬೇಕಾಯಿತೆಂದು ಹೇಳಿ ಮುಗಿಸುತ್ತದೆ. ಆದರೆ ಈ ಆಕ್ಷೇಪ ಎತ್ತುವವರು ಎರಡು ಬೇರೆ ಕೆಲಸಗಳನ್ನು ಒಂದು ಮಾಡುತ್ತಿದ್ದಾರೆ. ತಿಂಗಳ ಕೊನೆಯ ವರದಿಗೆ ಕರಾರುವಾಕ್ಕಾದ ಅಂಕಿ ಬೇಕು, ಅದಕ್ಕೆ ಮಾನ್ ಗೆಟ್ ಇದೆ. ಹ್ಯಾಂಗ್ ಆದ ಡೇಟಾಬೇಸಿನಲ್ಲಿ ಸಿಕ್ಕಿಬಿದ್ದದ್ದು ಬದಲಾಗುವುದಿಲ್ಲ. ಅದು ಅಲುಗದೆ ಇರುವುದೇ ಕಾಯಿಲೆ. ‘ರಿಪೀಟ್’ ಕೊಟ್ಟು ಕೆಲವು ಸೆಕೆಂಡಿಗೊಮ್ಮೆ ತೆಗೆದ ಪಟ್ಟಿಗಳಲ್ಲಿ ಮತ್ತೆ ಮತ್ತೆ ಅದೇ ಹ್ಯಾಂಡಲ್ ಕಂಡರೆ, ಆ ಸಾಕ್ಷ್ಯವನ್ನು ಅಲ್ಲಗಳೆಯುವ ದಾರಿಯಿಲ್ಲ. ಲ್ಯಾಚ್ ಹಿಡಿದೇ ನೋಡುತ್ತೇನೆ ಎಂದವನಿಗೆ ಆ ಹೊತ್ತಿನಲ್ಲಿ ಒಂದು ಪಟ್ಟಿಯೂ ಸಿಗದೇ ಹೋಗಬಹುದು.

ಅತಿ ಹೊಗಳುವವರ ಜೊತೆಗೂ ಜಗಳವಿದೆ. ಡಿಬಿ2ಪಿಡಿ ಎಂಜಿನ್ನನ್ನು ಮುಟ್ಟುವುದೇ ಇಲ್ಲ ಎಂಬುದು ಅರ್ಧ ಸತ್ಯ. ‘ಸ್ಟ್ಯಾಕ್’ ಆಯ್ಕೆ ಕೊಟ್ಟರೆ ಥ್ರೆಡ್‌ಗಳಿಗೆ ಸಿಗ್ನಲ್ ಹೋಗುತ್ತದೆ, ಪ್ರತಿಯೊಂದೂ ತನ್ನ ಸ್ಟ್ಯಾಕನ್ನು ಫೈಲಿಗೆ ಬರೆಯುತ್ತದೆ. ಸಾವಿರಾರು ಥ್ರೆಡ್‌ಗಳಿರುವ ಕಡೆ ಅದನ್ನು ವಿವೇಚನೆಯಿಲ್ಲದೆ ಒತ್ತುವುದು ಬೇಜವಾಬ್ದಾರಿ. ‘ಎವ್ರಿಥಿಂಗ್’ ಎಂಬ ಆಯ್ಕೆಯೂ ಗಾಬರಿಯಲ್ಲಿ ಒತ್ತುವ ಗುಂಡಿಯೇ. ಅದು ಸುರಿಯುವ ಪುಟಗಳಲ್ಲಿ ಬೇಕಾದ ನಾಲ್ಕು ಸಾಲು ಹುಡುಕುವುದರಲ್ಲಿ ಹೊತ್ತು ಹೋಗುತ್ತದೆ.

ಡಿಬಿ2ಪಿಡಿ ತೋರದ, ಲಾಕ್ ಹಿಡಿದವನ ಹಿಂದಿನ ಸ್ಟೇಟ್‌ಮೆಂಟುಗಳು ಬೇಕಾದರೆ ಲಾಕಿಂಗ್ ಈವೆಂಟ್ ಮಾನಿಟರ್ ಕಟ್ಟಿ, ‘ಮಾನ್ ಲಾಕ್‌ವೇಟ್’ ಅನ್ನು ‘ಹಿಸ್ಟರಿ’ಗೆ ಇಡಬೇಕು, ಅದೂ ಮುಂಚೆಯೇ. ಈ ಇತಿಹಾಸದ ಒಂದು ತುಣುಕನ್ನಾದರೂ ಡಿಬಿ2ಪಿಡಿ ಓದುವಂತೆ ಮೆಮೊರಿಯಲ್ಲಿ ಇಡಬೇಕೆಂದು ಐಬಿಎಂ ಬಳಿ ಕೇಳಬೇಕಾದವರು ಇದರ ನಿತ್ಯ ಬಳಕೆದಾರರು. ಅವರ ದೂರುಗಳೆಲ್ಲ ಇನ್ನೂ ಪರದೆಯ ಅಂದದ ಸುತ್ತಲೇ ಸುತ್ತುತ್ತಿವೆ.