ಜಾಝ್ ಮುದ್ರಿಕೆಗಳ ಮುಖಚಿತ್ರ: ಒಂದು ವಿಮರ್ಶೆ

ಹಳೆಯ ಜಾಝ್ ಧ್ವನಿಮುದ್ರಿಕೆಗಳನ್ನು ಸಂಗೀತಕ್ಕಾಗಿ ಅಲ್ಲದೆ, ಹೊದಿಕೆಯ ಮೇಲಣ ಚಿತ್ರಕ್ಕಾಗಿಯೇ ಕೂಡಿಸುವವರ ಒಂದು ವರ್ಗವಿದೆ. ಸಂಗೀತರಸಿಕರು ಇವರನ್ನು ಹಣ್ಣು ಬಿಟ್ಟು ಸಿಪ್ಪೆಯನ್ನು ಆಯುವವರೆಂದು ಹಾಸ್ಯಮಾಡುವುದುಂಟು. ಈ ಹಾಸ್ಯ ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ವಿಚಾರಿಸುವ ಮುನ್ನ ಆ ಸಿಪ್ಪೆಯ ಚರಿತ್ರೆಯನ್ನು ಕೊಂಚ ನೋಡಬೇಕು.

ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳ ಕಾಲದಲ್ಲಿ ಹಲವು ತಟ್ಟೆಗಳನ್ನು ಸೇರಿಸಿ, ಪುಸ್ತಕದಂತೆ ರಟ್ಟುಕಟ್ಟಿ ಮಾರುತ್ತಿದ್ದರು. 'ಆಲ್ಬಂ' ಎಂಬ ಹೆಸರು ಅದರಿಂದಲೇ ಬಂದದ್ದು. ರಟ್ಟು ಕಂದು ಅಥವಾ ಬೂದು. ಮೇಲೆ ಹೆಸರು ಮಾತ್ರ. ಗೋರಿಕಲ್ಲು ಎಂದೇ ವ್ಯಾಪಾರದಲ್ಲಿ ಅದಕ್ಕೆ ಅಡ್ಡಹೆಸರು. (ನಮ್ಮ ಕನ್ನಡ ನಾಟಕಪದಗಳ ತಟ್ಟೆಗಳಿಗೆ ಇಷ್ಟೂ ಇರಲಿಲ್ಲ, ಅವು ಬರಿಯ ಕಾಗದದ ಚೀಲದಲ್ಲಿ ಬರುತ್ತಿದ್ದವು.) 1939ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯನ್ನು ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ತರುಣ ಮರುವರ್ಷ ರಾಜರ್ಸ್ ಮತ್ತು ಹಾರ್ಟ್ ಇವರ ಗೀತಸಂಪುಟಕ್ಕೆ ನಾಟಕಶಾಲೆಯ ಬೆಳಗುವ ನಾಮಫಲಕದ ಚಿತ್ರವನ್ನು ಹಾಕಿದನು. 1948ರಲ್ಲಿ ದೀರ್ಘವಾದನದ ತಟ್ಟೆ ಬಂದಾಗ ಅದರ ರಟ್ಟಿನ ಹೊದಿಕೆಯನ್ನು ರೂಪಿಸಿದವನೂ ಅವನೇ.

ಅದೇ ಸಂಸ್ಥೆಗೆ 1942ರಲ್ಲಿ ಬಂದ ಜಿಮ್ ಫ್ಲೋರಾನನ್ನು ಸಂಗ್ರಾಹಕರು ಬಹಳ ಮೆಚ್ಚುತ್ತಾರೆ. ಜೀನ್ ಕ್ರೂಪಾನ ವಾದ್ಯವೃಂದಕ್ಕೆ 1947ರಲ್ಲಿ ಬರೆದದ್ದು, ಆರ್.ಸಿ.ಎ. ವಿಕ್ಟರ್ ಸಂಸ್ಥೆಗಾಗಿ 1955ರಲ್ಲಿ ಬರೆದ 'ಮ್ಯಾಂಬೊ ಫಾರ್ ಕ್ಯಾಟ್ಸ್' ಮುಂತಾದವು ಪ್ರಸಿದ್ಧ. ಅವನ ವಾದಕರಿಗೆ ಮೂಳೆಗಳಿಲ್ಲ. ಮೈಬಣ್ಣ ಪ್ರಕೃತಿಯಲ್ಲಿ ಇಲ್ಲದ ಕೆಂಪು, ನೀಲಿ. ವರ್ಣಭೇದವು ಕಾನೂನಾಗಿದ್ದ ಪ್ರಾಂತ್ಯಗಳಿದ್ದ ದೇಶದಲ್ಲಿ ಇದು ಕೇವಲ ತಮಾಷೆಯಾಗಿ ಉಳಿಯುವುದಿಲ್ಲವೆಂದು ನನ್ನ ಎಣಿಕೆ. ಆದರೂ ಫ್ಲೋರಾ ಜಾಝಿನ ಲಯವನ್ನು ಕೇಳಿದನು, ಅದರ ಅಳಲನ್ನು ಕೇಳಲಿಲ್ಲ. ವಿಷಾದದ ರಾಗಕ್ಕೂ ಕುಣಿತದ ಗತಿಗೂ ಅವನಲ್ಲಿ ಒಂದೇ ಮುಖಭಾವ.

ಅಳಲನ್ನು ಕೇಳಿದವನು ಡೇವಿಡ್ ಸ್ಟೋನ್ ಮಾರ್ಟಿನ್ (1913-1992). ಚಿತ್ರಕಾರ ಬೆನ್ ಶಾನನ ಪ್ರಭಾವದಲ್ಲಿ ಬೆಳೆದ ಇವನನ್ನು ಮುದ್ರಿಕೆಗಳ ಲೋಕಕ್ಕೆ ಕರೆತಂದವಳು ಪಿಯಾನೊವಾದಕಿ ಮೇರಿ ಲೂ ವಿಲಿಯಮ್ಸ್. ಮುಂದೆ ನಾರ್ಮನ್ ಗ್ರಾಂಜನ ಕ್ಲೆಫ್, ನಾರ್ಗ್ರಾನ್, ವರ್ವ್ ಮುದ್ರಿಕೆಗಳು ಇವನ ಚಿತ್ರಶಾಲೆಯೇ ಆದವು. ಗ್ರಾಂಜನಾದರೋ ತನ್ನ ಕಚೇರಿಗಳಲ್ಲಿ ಶ್ರೋತೃಗಳನ್ನು ಬಣ್ಣದಿಂದ ಬೇರ್ಪಡಿಸಿ ಕೂರಿಸಲು ಒಪ್ಪದವನು. ಮಾರ್ಟಿನ್ನನ ಸಾಧನ ಸಣ್ಣ ಮೊನೆಯ ಲೇಖನಿ ಮತ್ತು ಮಸಿ. ಗೆರೆ ಒಮ್ಮೆ ಕೂದಲೆಳೆಯಷ್ಟು ತೆಳು, ಒಮ್ಮೆ ಒದ್ದೆಯಾಗಿ ಹರಡಿದ ದಪ್ಪ, ಹಿಂದೆ ಒಂದೆರಡು ಚಪ್ಪಟೆ ಬಣ್ಣ, ಉಳಿದದ್ದು ಬಯಲು. 'ಬರ್ಡ್' ಎಂಬ ಅಡ್ಡಹೆಸರಿನ ಚಾರ್ಲಿ ಪಾರ್ಕರನಿಗೆ ಹಕ್ಕಿಯನ್ನೇ ಬರೆದದ್ದುಂಟು. ಮನೋಧರ್ಮದಿಂದ ನುಡಿಸುವ ವಾದಕನು ಹೊರಟ ಸ್ವರವನ್ನು ಹಿಂದಕ್ಕೆ ಕರೆಯಲಾರನು. ಮಸಿಯ ಗೆರೆಯನ್ನೂ ಅಳಿಸಲಾಗದು. ಈ ಸಾಮ್ಯ ಮಾರ್ಟಿನ್ನನ ಒಳ್ಳೆಯ ಚಿತ್ರಗಳಲ್ಲಿ ಕಣ್ಣಿಗೆ ಕಾಣುತ್ತದೆ. ನಾನೂರಕ್ಕೂ ಮೇಲ್ಪಟ್ಟು ಹೊದಿಕೆ ಬರೆದವನಲ್ಲಿ ಪುನರುಕ್ತಿಯೂ ಬೇಕಾದಷ್ಟಿದೆ. ಕೆಲವನ್ನು ಯಾವ ವಾದಕನ ಹೆಸರಿಗೆ ಅಂಟಿಸಿದರೂ ನಡೆದೀತು.

1950ರ ದಶಕದ ಉತ್ತರಾರ್ಧದಿಂದ ಛಾಯಾಚಿತ್ರ ಮುಂದಾಯಿತು. ಬ್ಲೂ ನೋಟ್ ಸಂಸ್ಥೆಯಲ್ಲಿ ಫ್ರಾನ್ಸಿಸ್ ವುಲ್ಫ್ ತೆಗೆದ ಚಿತ್ರಗಳನ್ನು ರೀಡ್ ಮೈಲ್ಸ್ ವಿನ್ಯಾಸಗೊಳಿಸಿದ ಕಾಲ ಅದು. ಆಂಡಿ ವಾರ್ಹಾಲನು ಅಲ್ಲಿಯೇ ಕೆನಿ ಬರೆಲ್‌ನಿಗೆ ಬರೆದ ರೇಖಾಚಿತ್ರಗಳಿಗೆ ಇಂದು ಸಿಗುವ ಬೆಲೆ, ಅವನ ಮುಂದಿನ ಕೀರ್ತಿಯ ಬೆಲೆಯೇ ಹೊರತು ಆ ರೇಖೆಗಳದ್ದಲ್ಲ. ಚಿತ್ರ ಪೂರ್ತಿ ಮರೆಯಾಗಲಿಲ್ಲವೆಂಬುದಕ್ಕೆ ನೀಲ್ ಫ್ಯೂಜಿಟಾ 1959ರಲ್ಲಿ ಡೇವ್ ಬ್ರೂಬೆಕ್‌ನ 'ಟೈಮ್ ಔಟ್'ಗೆ ಬರೆದ ವರ್ಣಚಿತ್ರ ಸಾಕ್ಷಿ.

ಇನ್ನು ಸಂಗ್ರಾಹಕರ ವಿಷಯ. ಮುಂಬಯಿಯ ಚೋರ್ ಬಜಾರಿನಲ್ಲಿ ಒಮ್ಮೆ ಮಾರ್ಟಿನ್ನನ ಸಹಿಯಿದ್ದ ಹೊದಿಕೆಯೊಂದು ನನ್ನ ಕೈಗೆ ಬಂದಿತು. ಒಳಗೆ ಇದ್ದದ್ದು ಹಿಂದಿ ಚಲನಚಿತ್ರದ ತಟ್ಟೆ. ಅಂಗಡಿಯವನಿಗೆ ಅದರಿಂದ ಯಾವ ಸಂಕೋಚವೂ ಆಗಲಿಲ್ಲ. ಕೊಳ್ಳುವವರು ಚೌಕಟ್ಟು ಹಾಕಿಸುತ್ತಾರೆ, ತಟ್ಟೆ ಯಾವುದಾದರೇನು ಎಂದನು. ಅವನ ಮಾತು ಸುಳ್ಳಲ್ಲ. ಚೌಕಟ್ಟಿಗೆ ಏರಿದ ಹೊದಿಕೆಯ ಬೆನ್ನು ಗೋಡೆಗೆ ಸೇರುತ್ತದೆ. ಆ ಬೆನ್ನಿನ ಮೇಲೆಯೇ ವಾದಕರ ಹೆಸರು, ಟಿಪ್ಪಣಿ, ಎಷ್ಟೋ ವೇಳೆ ಮುದ್ರಣದ ದಿನಾಂಕವೂ ಇರುವುದು. ಗ್ರಾಂಜನು ತಾನೇ ಬರೆದ ಟಿಪ್ಪಣಿಗಳೂ ಅಲ್ಲಿವೆ. ಮುಂಬದಿಯನ್ನು ಮಾತ್ರ ಅಚ್ಚುಹಾಕುವ ಬಣ್ಣದ ಸಂಕಲನಗಳು ಇದೇ ತಪ್ಪನ್ನು ಸಾವಿರ ಪ್ರತಿಗಳಲ್ಲಿ ಮಾಡುತ್ತವೆ.

ಆದರೆ ರಸಿಕರ ಹಾಸ್ಯವನ್ನೂ ನಾನು ಒಪ್ಪಲಾರೆ. ಧ್ವನಿ ಮರುಮುದ್ರಣಗೊಂಡು ಸುಲಭವಾಗಿ ದೊರಕತೊಡಗಿದಾಗ, ಹರಿದ ರಟ್ಟನ್ನು ಕಸವೆನ್ನದೆ ಕಾಪಾಡಿದವರು ಈ ಸಿಪ್ಪೆ ಆಯುವವರೇ. ಮಾರ್ಟಿನ್ನನ ಹೊದಿಕೆಗಳ ಪಟ್ಟಿ ಇಂದು ಇಷ್ಟಾದರೂ ಸಿದ್ಧವಾಗಿದ್ದರೆ ಅದರ ಬಹುಪಾಲು ಶ್ರಮ ಅವರದು. ಆ ಪಟ್ಟಿಯಲ್ಲಿ ಚಿತ್ರದ ಜತೆಗೆ ತಟ್ಟೆಯ ಕ್ರಮಾಂಕವನ್ನೂ ಬೆನ್ನಿನ ಬರಹವನ್ನೂ ನಮೂದಿಸುವ ಅಭ್ಯಾಸ ಅವರಲ್ಲಿ ಬರಬೇಕಾಗಿದೆ. ಚೋರ್ ಬಜಾರಿನ ಆ ಹೊದಿಕೆಯನ್ನು ನಾನು ಕೊಂಡೆ. ಅದರ ತಟ್ಟೆಯನ್ನು ಇನ್ನೂ ಹುಡುಕುತ್ತಿದ್ದೇನೆ.