ಯಳಂದೂರಿನ ಬಳೇಮಂಟಪದ ಮುಂದೆ

ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟ ಪ್ರವಾಸಿಗಳಲ್ಲಿ ಹೆಚ್ಚಿನವರು ಯಳಂದೂರನ್ನು ಕಾಫಿಗಾಗಿ ನಿಲ್ಲುವ ಊರೆಂದು ಬಲ್ಲರೇ ಹೊರತು ನೋಡುವುದಕ್ಕಾಗಿ ಇಳಿಯತಕ್ಕ ಊರೆಂದು ಬಲ್ಲವರಲ್ಲ. ಬೆಟ್ಟದ ನೀಲಿ ಅಂಚು ಕಣ್ಣಿಗೆ ಬಿದ್ದೊಡನೆ ಮನಸ್ಸು ಆ ಕಡೆಗೆ ಹಾರುವುದು ಸಹಜವೇ. ಆದರೆ ಹೊನ್ನೂರಿನ ಸೀಮೆಯ ಹಳ್ಳಿದಾರಿಗಳಲ್ಲಿ ಭತ್ತದ ಗದ್ದೆ, ತೆಂಗಿನ ತೋಟ, ಹಿಪ್ಪುನೇರಳೆಯ ಹೊಲಗಳ ನಡುವೆ ಮೆಲ್ಲನೆ ಗಾಡಿ ನಡೆಸಿ, ಹೊನ್ನುಹೊಳೆಯ ನೀರುಂಡ ಈ ನೆಲದ ಸಮೃದ್ಧಿಯನ್ನು ಕಣ್ತುಂಬ ಕಂಡು ಯಳಂದೂರಿಗೆ ಬಂದವನಿಗೆ, ಇಂಥ ನೆಲವನ್ನು ಆಳಿದ ಸಣ್ಣ ಪಾಳೆಯಗಾರರೂ ತಮ್ಮ ಶಿವನಿಗೆ ಎಂತಹ ಮನೆಯನ್ನು ಕಟ್ಟಿರಬಹುದೆಂಬ ಕುತೂಹಲ ತಾನಾಗಿ ಹುಟ್ಟುತ್ತದೆ.

ಆ ಮನೆಯೇ ಗೌರೀಶ್ವರ ದೇವಾಲಯ. ವಿಜಯನಗರದ ಅರಸರಿಗೆ ಅಧೀನರಾಗಿದ್ದ ಹದಿನಾಡಿನ ಪ್ರಭುಗಳ ವಂಶದವನಾದ ಸಿಂಗದೇಪ ದೇವಭೂಪಾಲನು ಇದನ್ನು ಕಟ್ಟಿಸಿದನೆಂದು ಅದೇ ವಂಶದ ಮುದ್ದರಾಜನ ಕಾಲದ ಪದ್ಯಶಾಸನದಿಂದ ತಿಳಿದುಬರುತ್ತದೆ. ಶಾಸನದ ಕಾಲ 1654-55. ಗುಡಿಯ ಮುಂದಣ ಮಹಾದ್ವಾರವನ್ನು ಸೇರಿಸಿದವನು ಈ ಮುದ್ದರಾಜನೇ. ಆದುದರಿಂದ ಬಾಗಿಲಿನಲ್ಲಿ ನಿಂತವನು ಹದಿನೇಳನೆಯ ಶತಮಾನದಲ್ಲಿ ನಿಂತಿರುತ್ತಾನೆ. ಅಂಗಳವನ್ನು ದಾಟಿ ಗರ್ಭಗೃಹದತ್ತ ನಡೆದಂತೆಲ್ಲ ಹಿಂದಿನ ಕಾಲಕ್ಕೆ ಸಾಗುತ್ತಾನೆ. ಪೂರ್ವಜನ ಕೃತಿಯನ್ನು ಕೆಡವಿ ತನ್ನ ಹೆಸರನ್ನು ಮೆರೆಸದೆ, ಅದರ ಮುಂದೆ ವಿನಯದಿಂದ ಒಂದು ಬಾಗಿಲನ್ನು ನಿಲ್ಲಿಸಿ, ಕಟ್ಟಿಸಿದವನ ಹೆಸರನ್ನು ಕಲ್ಲಿನಲ್ಲಿ ಸ್ಮರಿಸಿದ ಈ ವಂಶಗೌರವ ನನಗೆ ಶಿಲ್ಪದಷ್ಟೇ ಮಾನ್ಯವಾದುದು.

ಈ ಮಹಾದ್ವಾರವನ್ನೇ ಊರವರು ಬಳೇಮಂಟಪವೆನ್ನುವುದು. ಇದರ ಮೇಲೆ ಗೋಪುರವಿಲ್ಲ. ಮಹಾದ್ವಾರವೆಂದರೆ ಮುಗಿಲೆತ್ತರದ ಗೋಪುರವನ್ನೇ ನಿರೀಕ್ಷಿಸುವ ಕಣ್ಣಿಗೆ ಇದು ಮೊದಲು ಅಪೂರ್ಣವಾಗಿ ತೋರಿದರೂ ತೋರಬಹುದು. ನನ್ನ ಅಭಿಪ್ರಾಯದಲ್ಲಿ ಆ ಬಯಲೇ ಇದರ ಭಾಗ್ಯ. ಮೇಲೆ ಗೋಪುರದ ಭಾರವಿದ್ದಿದ್ದರೆ ದೃಷ್ಟಿಯೆಲ್ಲ ಮೇಲಕ್ಕೆ ಓಡಿ, ಛಾವಣಿಯ ಮೂಲೆಗಳಿಂದ ಇಳಿಬಿಟ್ಟ ಕಲ್ಲಿನ ಬಳೆಗಳು ಗಮನಕ್ಕೆ ಬಾರದೆ ಹೋಗುತ್ತಿದ್ದುವು. ಒಂದರೊಳಗೊಂದು ಕೋದುಕೊಂಡ ಈ ಬಳೆಗಳಲ್ಲಿ ಬೆಸುಗೆಯಿಲ್ಲ, ಜೋಡಣೆಯಿಲ್ಲ. ಇಡೀ ಸರಪಳಿ ಒಂದೇ ಕಲ್ಲಿನಿಂದ ಬಿಡಿಸಿದ್ದು. ಬಳೆಯನ್ನು ಮಾಡಿ ಕೋಯುವ ಅವಕಾಶ ಇಲ್ಲಿ ಶಿಲ್ಪಿಗೆ ಇಲ್ಲ. ಬಳೆಯಲ್ಲದ ಕಲ್ಲನ್ನು ಒಳಗಿನಿಂದಲೂ ಹೊರಗಿನಿಂದಲೂ ಚೂರುಚೂರಾಗಿ ತೆಗೆಯುತ್ತ ಬಂದು, ಎರಡು ಬಳೆಗಳು ಇನ್ನೂ ಅಂಟಿಕೊಂಡಿರುವ ಕೊನೆಯ ಎಳೆಯನ್ನು ಉಳಿಯ ತುದಿಯಿಂದ ಕಡಿದು, ಅವು ಒಂದರೊಳಗೊಂದು ಸಡಿಲವಾಗಿ ತೂಗುವಂತೆ ಮಾಡಬೇಕು. ಒಂದು ಏಟು ಹೆಚ್ಚಾದರೆ ಬಳೆ ಮಾತ್ರವಲ್ಲ, ಅದುವರೆಗಿನ ದುಡಿಮೆಯೆಲ್ಲ ಸೀಳಿಹೋಗುತ್ತದೆ. ಕಾಂಚೀಪುರದ ವರದರಾಜಸ್ವಾಮಿಯ ಕಲ್ಯಾಣಮಂಟಪದಲ್ಲಿಯೂ ಇಂಥ ಶಿಲಾಸರಪಳಿಗಳುಂಟು. ಅಲ್ಲಿ ಅವು ಮಹಾಕ್ಷೇತ್ರದ ಸಾವಿರ ವೈಭವಗಳ ನಡುವೆ ಒಂದು, ಇಲ್ಲಿ ಊರು ಗುಡಿಯನ್ನು ಗುರುತಿಸುವುದೇ ಅವುಗಳಿಂದ.

ಬಳೆಗಳನ್ನು ನೋಡಿ ತೃಪ್ತರಾಗಿ ಒಳಗೆ ನಡೆದುಬಿಡುವವರು ಮಂಟಪದ ಹೊರಗೋಡೆಗಳಿಗೆ ಅನ್ಯಾಯ ಮಾಡುತ್ತಾರೆ. ಭೈರವ, ದುರ್ಗೆ, ನರಸಿಂಹ, ದಕ್ಷಿಣಾಮೂರ್ತಿ, ಅಂಧಕಾಸುರನನ್ನು ಸಂಹರಿಸುವ ಶಿವ, ಕಾಳಗದಲ್ಲಿ ಬಿಗಿದುಕೊಂಡ ವಾಲಿಸುಗ್ರೀವರು, ಹೀಗೆ ಶೈವವೈಷ್ಣವಗಳ ಭೇದವಿಲ್ಲದೆ ಪುರಾಣಲೋಕವೇ ಇಲ್ಲಿ ಗೋಡೆಯೇರಿ ನಿಂತಿದೆ. ಇವನ್ನು ನಡುಹಗಲಿನಲ್ಲಿ ನೋಡಬಾರದು. ನೆತ್ತಿಯ ಮೇಲಣ ಬಿಸಿಲು ಉಬ್ಬುಶಿಲ್ಪವನ್ನು ಚಪ್ಪಟೆಯಾಗಿಸಿಬಿಡುತ್ತದೆ. ಬೆಳಕು ಓರೆಯಾಗಿ ಬೀಳುವ ಹೊತ್ತಿನಲ್ಲಿ ಬಂದು, ಹತ್ತಿರಕ್ಕೊಮ್ಮೆ ದೂರಕ್ಕೊಮ್ಮೆ ಸರಿದು ನೋಡಿದರೆ, ತೋಳು ತೊಡೆಗಳ ಅಂಚಿನಲ್ಲಿ ನೆರಳು ಕೂಡಿ ಆಕೃತಿಗಳು ಗೋಡೆಯಿಂದ ಬಿಡಿಸಿಕೊಂಡು ಮುಂದೆ ಬರುತ್ತವೆ.

ಕಾವೇರಿಯಾಚೆಯ ಸೋಮನಾಥಪುರವನ್ನು ಕಂಡ ಕಣ್ಣಿನಿಂದ ಇದನ್ನು ಅಳೆಯುವುದು ಸಲ್ಲದು. 1258ರ ಸುಮಾರಿನ ಆ ಕೇಶವಾಲಯದ ಕುಸುರಿಗೆ ಹೊಯ್ಸಳರ ದಂಡನಾಯಕನ ಐಶ್ವರ್ಯ ಮಾತ್ರವಲ್ಲದೆ, ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವ ಬಳಪದ ಕಲ್ಲಿನ ಸೌಜನ್ಯವೂ ಕಾರಣ. ರಾಜಧಾನಿಯ ಕಲೆಗೆ ಒಂದು ಮಾನದಂಡ, ಊರ ಕಲೆಗೆ ಇನ್ನೊಂದು. ಈ ವಿವೇಕ ಇತರ ದೇಶಗಳ ರಸಿಕರಲ್ಲಿಯೂ ಕಾಣಬರುತ್ತದೆ. ಡೆನ್ಮಾರ್ಕಿನ ಮೋನ್ ದ್ವೀಪದಲ್ಲಿ ಎಲ್ಮೆಲುಂಡ, ಫಾನೆಫ್ಯೋರ್ಡ್ ಮೊದಲಾದ ಕಡೆ ಹೊಲಗಳ ನಡುವೆ ನಿಂತ ಮಧ್ಯಯುಗದ ಬಿಳಿಯ ಇಗರ್ಜಿಗಳಿವೆ. ಹದಿನೈದನೆಯ ಶತಮಾನದ ಹೆಸರರಿಯದ ಚಿತ್ರಕಾರನೊಬ್ಬನು ಅವುಗಳ ಕಮಾನು ಛಾವಣಿಗಳಲ್ಲಿ ಬೈಬಲಿನ ಕಥೆಗಳನ್ನು ಬರೆದನು. ಮತಸುಧಾರಣೆಯ ಬಳಿಕದ ಕಾಲದಲ್ಲಿ ಸುಣ್ಣದಡಿ ಮುಚ್ಚಿಹೋದ ಆ ಚಿತ್ರಗಳು ಶತಮಾನಗಳ ಮೇಲೆ ಮತ್ತೆ ಬೆಳಕು ಕಂಡುವು. ಅಲ್ಲಿ ಸುಣ್ಣ ಬಣ್ಣವನ್ನು ಕಾಪಾಡಿತು. ನಮ್ಮ ಹಳ್ಳಿಗುಡಿಗಳಲ್ಲಿ ಉತ್ಸವದಿಂದುತ್ಸವಕ್ಕೆ ಭಕ್ತಿಯಿಂದಲೇ ಬಳಿಯುವ ಸುಣ್ಣವೂ ಈಚಿನ ಎಣ್ಣೆಬಣ್ಣವೂ ಉಳಿಯ ಗೆರೆಗಳನ್ನು ತುಂಬಿ, ದೇವತೆಯ ಮುಖಭಾವವನ್ನೇ ಅಳಿಸುತ್ತಿವೆ. ಕಲ್ಲನ್ನು ಕಲ್ಲಾಗಿಯೇ ಬಿಡಿರೆಂದು ಊರ ಹಿರಿಯರಲ್ಲಿ ಕೈಮುಗಿದು ಬೇಡಬೇಕೆನಿಸುತ್ತದೆ.

ಗುಡಿಯೊಂದನ್ನೇ ನೋಡಿ ಹೊರಟುಬಿಡುವಷ್ಟು ಬಡ ಊರಲ್ಲ ಯಳಂದೂರು. ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿಯ ಹೊನ್ನಮ್ಮನನ್ನು ಈ ಊರು ತನ್ನ ಮಗಳೆಂದು ಹೇಳಿಕೊಳ್ಳುತ್ತದೆ. 1807ರಲ್ಲಿ ಇದು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ನೆರೆಯ ಕೊಳ್ಳೇಗಾಲವು 1956ರವರೆಗೆ ಮದರಾಸಿನ ಆಡಳಿತದಲ್ಲಿದ್ದುದರಿಂದ, ಆ ಕಾಲದ ಯಾತ್ರಿಕನು ಇಷ್ಟು ಸಣ್ಣ ದಾರಿಯಲ್ಲಿಯೇ ಒಂದು ಸೀಮೆಯನ್ನು ದಾಟಿ ಇನ್ನೊಂದಕ್ಕೆ ಬರುತ್ತಿದ್ದನು.

ಹೊರಡುವ ಮುನ್ನ ಒಂದು ಸಿದ್ಧತೆ ಅವಶ್ಯ. ಶಾಸನತಜ್ಞ ರೈಸ್ ಅವರ ಶಾಸನಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 4ನೆಯ ಸಂಪುಟದಲ್ಲಿ, 1898ರಷ್ಟು ಹಿಂದೆಯೇ, ಯಳಂದೂರು ಸೀಮೆಯ ಶಾಸನಗಳು ಅಚ್ಚಾಗಿವೆ. ಗ್ರಂಥಾಲಯದಲ್ಲಿ ಆ ಪುಟಗಳನ್ನು ಓದಿಕೊಂಡು ಬಂದವನಿಗೆ ಹದಿನಾಡಿನ ಪ್ರಭುಗಳು ಅಪರಿಚಿತರಾಗಿ ಉಳಿಯುವುದಿಲ್ಲ. ಮಂಟಪದ ಮುಂದೆ ನಿಂತಾಗ ಯಾವನು ಯಾವುದನ್ನು ಏಕೆ ಕಟ್ಟಿಸಿದನೆಂಬುದನ್ನು ಜೊತೆಗೆ ಬಂದ ಮಕ್ಕಳಿಗೆ ತಾನೇ ವಿವರಿಸಿ ಹೇಳಬಲ್ಲನು.